ಕಿಟಕಿಯಲ್ಲಿಟ್ಟ ಡೀಸೆಲ್ ಬಾಟಲಿ

ಚಂದ್ರಾಮ ಕಾಕಾ ಡೀಸೆಲ್ ಕದ್ದಿರಲಿಲ್ಲ. ಟ್ಯಾಂಕಿಗೆ ಸೀಮೆಎಣ್ಣೆ ಬೆರೆಸಿರಲಿಲ್ಲ. ಟಿಕೋಟಾದ ಸಾವಕಾರರ ಆ ಬಿಳಿ ಕಾರಿನ ಇಂಜೆಕ್ಟರ್‌ಗಳನ್ನು ಹಾಳು ಮಾಡಿದವನು ನಾನು. ಅದು ನನಗೆ ಗೊತ್ತೂ ಇತ್ತು. ಗೊತ್ತಿದ್ದೂ, ಆ ಮನುಷ್ಯನ ಮೇಲೆ ಕಳ್ಳನೆಂಬ ಹೆಸರು ಬಿದ್ದಾಗ ಬಾಯಿ ಮುಚ್ಚಿಕೊಂಡು... ಇಲ್ಲ, ಇದೂ ಸುಳ್ಳು. ಬಾಯಿ ಮುಚ್ಚಿಕೊಂಡಿದ್ದರೆ ಎಷ್ಟೋ ಒಳ್ಳೆಯದಿತ್ತು. ನಾನು ಬಾಯಿ ಬಿಟ್ಟೆ. ಎರಡು ಸಲ ಬಿಟ್ಟೆ.

ಹದಿಮೂರು ವರ್ಷವಾಗುತ್ತ ಬಂತು. ಮೊದಲ ಹನ್ನೆರಡು ವರ್ಷ ಯಾಕೆ ಹೇಳಲಿಲ್ಲ ಎಂದು ನೀವು ಕೇಳಿದರೆ ನನ್ನ ಹತ್ತಿರ ಕಾರಣವಿಲ್ಲ. ಹೇಳಲಿಲ್ಲ, ಅಷ್ಟೇ.

ನನ್ನ ಹೆಸರು ಮಾದೇವ. ವಿಜಯಪುರದಲ್ಲಿ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ನನ್ನ ಗ್ಯಾರೇಜು. ಸೋಲಾಪುರದ ಒಬ್ಬ ಉಸ್ತಾದರ ಕೈಕೆಳಗೆ ಆರು ವರ್ಷ ಎಂಜಿನ್ನಿನ ಡೀಸೆಲ್ ಪಂಪು, ಇಂಜೆಕ್ಟರ್ ಕೆಲಸ ಕಲಿತು ಬಂದವನು. ಇಂಜೆಕ್ಟರ್ ಅಂದರೆ ಎಂಜಿನ್ನಿನ ತಲೆಯ ಮೇಲೆ ಕೂತು ಡೀಸೆಲ್ಲನ್ನು ಮಂಜಿನ ಹಾಗೆ ಒಳಗೆ ಚಿಮ್ಮಿಸುವ ನಳಿಕೆ. ಅದರ ತುದಿಯ ತೂತು ಬರಿಗಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಒಂದು ಚಿಟಿಕೆ ಕಬ್ಬಿಣದ ಪುಡಿ ಹೋದರೆ ಸಾಕು, ಅದರ ಕಥೆ ಮುಗಿಯಿತು. ಅದಕ್ಕೇ ನಮ್ಮ ಉಸ್ತಾದರು ಕೈ ತೊಳೆಯದೆ ಇಂಜೆಕ್ಟರ್ ಮುಟ್ಟಿದರೆ ನಟ್ಟು ಬಿಚ್ಚುವ ಪಾನಾದಿಂದ ಬೆರಳ ಗಂಟಿಗೆ ಕುಟ್ಟುತ್ತಿದ್ದರು. ನನಗೂ ಸಾಕಷ್ಟು ಕುಟ್ಟಿದ್ದಾರೆ. ಇನ್ನೊಂದಿಷ್ಟು ಕುಟ್ಟಬೇಕಿತ್ತು.

ಚಂದ್ರಾಮ ಕಾಕಾ ಹೊನವಾಡದವರು. ದಿನಾ ಮುಂಜಾನೆ ಬಸ್ಸಿಗೆ ಟಿಕೋಟಾಕ್ಕೆ ಬಂದು ಸಾವಕಾರರ ಗಾಡಿ ಹೊಡೆಯುತ್ತಿದ್ದರು. ಸಾವಕಾರರದು ಒಣದ್ರಾಕ್ಷಿಯ ವ್ಯಾಪಾರ. ಕಾಕಾ ಅವರ ಹತ್ತಿರ ಹದಿನಾಲ್ಕು ವರ್ಷ ದುಡಿದಿದ್ದರು, ಮೂರು ಗಾಡಿ ಬದಲಾದರೂ ಡ್ರೈವರ್ ಬದಲಾಗಿರಲಿಲ್ಲ. ಗಾಡಿ ಗ್ಯಾರೇಜಿಗೆ ಬಂದರೆ ಅವರು ಚಹಾಕ್ಕೂ ಕದಲುತ್ತಿರಲಿಲ್ಲ. ಬಾನೆಟ್ಟಿನ ಪಕ್ಕ ನಿಂತು, "ಸಾವಕಾಶ ತಮ್ಮಾ, ಅದರ ಹೊಟ್ಟ್ಯಾಗ ಕೈ ಹಾಕಾಕತ್ತೀದಿ," ಅನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ನನಗೆ ಕಲಿಸಲಿಕ್ಕೆ ಬರುತ್ತಾರಲ್ಲ ಎಂದು ಮೂಗು ಮುರಿಯುತ್ತಿದ್ದೆ.

ನಮ್ಮ ಕಡೆ ಮಹಾನವಮಿಯ ಖಂಡೇ ಪೂಜೆಗೆ, ಅಂದರೆ ಆಯುಧಪೂಜೆಗೆ ಮೊದಲು ಎಲ್ಲರಿಗೂ ಗಾಡಿ ತಯಾರಾಗಬೇಕು. ತೊಳೆಯಬೇಕು, ಆಯಿಲ್ ಬದಲಿಸಬೇಕು, ಫಿಲ್ಟರ್ ಹಾಕಬೇಕು — ಪೂಜೆಯ ದಿನ ಸ್ಟಾರ್ಟ್ ಮಾಡಿದರೆ ಒಂದೇ ಹೊಡೆತಕ್ಕೆ ಶುರುವಾಗಬೇಕು. ಆ ವರ್ಷ ನನ್ನ ಗ್ಯಾರೇಜಿನ ಮುಂದೆ ಗಾಡಿಗಳು ಓಣಿಯ ತಿರುವಿನ ತನಕ ನಿಂತಿದ್ದವು. ಕಾಕಾ ಸಾವಕಾರರ ಕಾರು ತಂದರು. ಡೀಸೆಲ್ ಫಿಲ್ಟರ್ ಬದಲಿಸಬೇಕಿತ್ತು. ಹತ್ತು ನಿಮಿಷದ ಕೆಲಸ.

ಹೊಸ ಫಿಲ್ಟರ್ ಒಣಗಿರುತ್ತದೆ. ಅದರೊಳಗಿನ ಗಾಳಿ ಹೋಗುವ ತನಕ ಕೈಪಂಪು ಹಿಚುಕುತ್ತಾ ಕೂರಬೇಕು, ಬೆರಳು ನೋಯುತ್ತವೆ. ಫಿಲ್ಟರಿನ ತಲೆಯಲ್ಲಿ ಎರಡು ಬಾಯಿ. ಒಂದರಿಂದ ಟ್ಯಾಂಕಿನ ಎಣ್ಣೆ ಒಳಗೆ ಹೋಗುತ್ತದೆ, ಕಾಗದದಲ್ಲಿ ಸೋಸಿ ಇನ್ನೊಂದರಿಂದ ಪಂಪಿಗೆ ಹೊರಡುತ್ತದೆ. ಆ ಹೊರಡುವ ಬಾಯಿಗೆ ಮೇಲಿಂದ ಡೀಸೆಲ್ ಸುರಿದುಬಿಟ್ಟರೆ ಕೈಪಂಪಿನ ತಾಪತ್ರಯವಿಲ್ಲ, ಗಾಡಿ ಕೂಡಲೇ ಶುರುವಾಗುತ್ತದೆ. ಆದರೆ ಸುರಿದದ್ದು ಸೋಸದೆ ನೇರ ಪಂಪಿಗೆ, ಅಲ್ಲಿಂದ ಇಂಜೆಕ್ಟರ್‌ಗೆ ಹೋಗುತ್ತದೆ. ಇದನ್ನು ಮಾಡಬಾರದೆಂದು ಕಲಿಯುವವನಿಗೆ ಮೊದಲ ವಾರವೇ ಹೇಳಿಕೊಡುತ್ತಾರೆ. ನಾನು ಮಾಡಿದೆ. ಬೆಂಚಿನ ಕೆಳಗಿದ್ದ ನನ್ನ ಕೆಂಪು ಕ್ಯಾನು ಎತ್ತಿ ಸುರಿದೆ. ಆ ಕ್ಯಾನಿನ ನೇರ ಮೇಲೆ, ಬೆಂಚಿನಲ್ಲಿ, ಕಬ್ಬಿಣ ಉಜ್ಜುವ ಗ್ರೈಂಡರು ಇತ್ತು, ದಿನಾ ಕಬ್ಬಿಣದ ಪುಡಿ ಉದುರುತ್ತಿತ್ತು. ಕ್ಯಾನಿನ ಬಾಯಿಯ ಬಣ್ಣವೂ ಸುಲಿದು ಬೀಳುತ್ತಿತ್ತು. ಎಲ್ಲವೂ ನನ್ನ ಕಣ್ಣೆದುರಿಗೇ ಇತ್ತು...

ಕಾಕಾ ನೋಡಿದರು. "ಸೋಸಿ ಹಾಕಲ್ಲೇನು ತಮ್ಮಾ?" ಎಂದರು.

"ಫಿಲ್ಟರ್ ಇರೂದು ಯಾತಕ್ರಿ ಕಾಕಾ, ಅದ ಸೋಸ್ತೈತಿ," ಎಂದೆ ನಾನು. ಅವರು ತಲೆಯಾಡಿಸಿದರು. ನಂಬಿದರು, ಪಾಪ.

ದೀಪಾವಳಿ ಕಳೆದು ನಾಲ್ಕು ದಿನವಾಗಿತ್ತು. ಸಾವಕಾರರು ಮಗಳ ನಿಶ್ಚಯಕ್ಕೆಂದು ಹೆಂಡತಿ, ಮಗಳು, ಹಿರಿಯರನ್ನು ಕೂಡಿಸಿಕೊಂಡು ಬಬಲೇಶ್ವರಕ್ಕೆ ಹೊರಟಿದ್ದರು. ಊರು ಇನ್ನೂ ದೂರವಿರುವಾಗ ಗಾಡಿ ಜಗ್ಗಾಡಿ, ಹೊಗೆ ಉಗುಳಿ, ರಸ್ತೆಯ ನಡುವೆ ನಿಂತಿತು. ಮಧ್ಯಾಹ್ನದ ಬಿಸಿಲು. ಬೀಗರ ಮನೆಯಲ್ಲಿ ಪಂಗತಿ ಹಾಕಿಕೊಂಡು ಕಾಯುತ್ತಿದ್ದಾರೆ, ಇಲ್ಲಿ ರೇಶ್ಮೆ ಸೀರೆ ಉಟ್ಟ ಹುಡುಗಿ ಜಾಲಿ ಗಿಡದ ನೆರಳಿನಲ್ಲಿ ನಿಂತಿದ್ದಾಳೆ. ಕಡೆಗೆ ಯಾರದೋ ಟೆಂಪೋ ಹತ್ತಿ ಹೋದರು. ಬೀಗರು ಅಂದ ಒಂದೆರಡು ಚುಚ್ಚುಮಾತು ಸಾವಕಾರರಿಗೆ ನಾಟಿತ್ತು.

ಮರುದಿನ ಕಾಕಾ ಗಾಡಿಯನ್ನು ಹಗ್ಗ ಕಟ್ಟಿಸಿ ನನ್ನ ಗ್ಯಾರೇಜಿಗೆ ಎಳೆಸಿಕೊಂಡು ಬಂದರು. ಸಾವಕಾರರನ್ನು ಕರೆತರುತ್ತೇನೆಂದು ಹೋದರು. ನಾನು ಕೆಲಸಕ್ಕೆ ಕೈ ಹಾಕಿದೆ. ಮೊದಲು ಟ್ಯಾಂಕಿನಿಂದ ಒಂದು ಗಾಜಿನ ಬಾಟಲಿಗೆ ಡೀಸೆಲ್ ತೆಗೆದು ಕಿಟಕಿಯಲ್ಲಿಟ್ಟೆ, ಬೆಳಕಿನಲ್ಲಿ ನೋಡಲಿಕ್ಕೆ. ಸ್ವಚ್ಛವಿತ್ತು. ನೀರಿಲ್ಲ, ಕಸವಿಲ್ಲ, ಮೂಗಿಗೆ ಹಿಡಿದರೆ ಬರೀ ಡೀಸೆಲ್ ವಾಸನೆ. ಆಮೇಲೆ ನಾಲ್ಕೂ ಇಂಜೆಕ್ಟರ್‌ಗೆ ಸಣ್ಣ ಪೈಪು ಸಿಕ್ಕಿಸಿ ಕೆಮ್ಮಿನ ಔಷಧದ ಬಾಟಲಿ ಕಟ್ಟಿ ಕೀಲಿ ತಿರುಗಿಸಿ ಎಂಜಿನ್ನನ್ನು ಕ್ರ್ಯಾಂಕ್ ಮಾಡಿದೆ. ಯಾವುದು ಸವೆದಿದೆಯೋ ಅದರ ಬಾಟಲಿ ಬೇಗ ತುಂಬುತ್ತದೆ. ಎರಡು ಬಾಟಲಿ ನೋಡನೋಡುತ್ತ ತುಂಬಿದವು. ಪಂಪು ಬಿಚ್ಚಿದೆ. ಅದರ ಒಳಬಾಯಿಯಲ್ಲಿ ಉಗುರಿನಷ್ಟು ತಂತಿಯ ಜಾಳಿಗೆ ಇರುತ್ತದೆ. ಅದರಲ್ಲಿ ಮಿಣಮಿಣ ಹೊಳೆಯುವ ಕಬ್ಬಿಣದ ಪುಡಿ, ಜೊತೆಗೆ ಮೂರು ನಾಲ್ಕು ಕೆಂಪು ಬಣ್ಣದ ಚೂರು ಇದ್ದವು.

ನಾನು ತಿರುಗಿ ಬೆಂಚಿನ ಕೆಳಗಿನ ಕ್ಯಾನು ನೋಡಿದೆ. ಪರೀಕ್ಷೆ ಮಾಡುವುದು ಇನ್ನೇನೂ ಉಳಿದಿರಲಿಲ್ಲ.

ಜಾಳಿಗೆ ಒರೆಸಿದೆ. ಅಂಗಿಯ ತುದಿಯಿಂದಲೇ ಒರೆಸಿದೆ. ಇಂಜೆಕ್ಟರ್‌ಗಳನ್ನು ಬಿಚ್ಚಿ, ಮಸಿ ತೊಳೆಯಲೆಂದು ತಗಡಿನ ಅಗಲ ಪರಾತದಲ್ಲಿ ಸೀಮೆಎಣ್ಣೆ ಹಾಕಿ ಮುಳುಗಿಸಿಟ್ಟೆ. ಎಲ್ಲ ಗ್ಯಾರೇಜಿನಲ್ಲೂ ಸಾಮಾನು ತೊಳೆಯುವುದು ಅದರಲ್ಲೇ. ಸಾವಕಾರರು ಬಂದರೆ ಖರೆ ಹೇಳಿಬಿಡಬೇಕು, ಹೊಸದು ನಾನೇ ಹಾಕಿಕೊಡುತ್ತೇನೆ ಅನ್ನಬೇಕು — ಹೀಗೆ ಅಂದುಕೊಂಡದ್ದು ನಿಜ. ಅಂದುಕೊಳ್ಳಲಿಕ್ಕೇನು, ಅದಕ್ಕೆ ಧೈರ್ಯ ಬೇಕಿಲ್ಲ.

ಸಾವಕಾರರು ಬಂದರು. ಮುಖ ಕೆಂಡವಾಗಿತ್ತು. ಹಿಂದೆ ಚಂದ್ರಾಮ ಕಾಕಾ, ಟೋಪಿ ಕೈಯಲ್ಲಿ ಹಿಡಿದುಕೊಂಡು. ನಾನು ಇನ್ನೂ ಮಾತು ತೆಗೆಯುವ ಮುಂಚೆ ಸಾವಕಾರರು, ನಾನು ತೊಳೆದು ಒರೆಸಿಟ್ಟಿದ್ದ ಒಂದು ಇಂಜೆಕ್ಟರ್ ಎತ್ತಿ ಮೂಗಿನ ಹತ್ತಿರ ಹಿಡಿದರು.

"ಏನಿದು ಮಾದೇವಾ? ಸೀಮೆಎಣ್ಣಿ ವಾಸನಿ ಹೊಡ್ಯಾಕತ್ತೈತಿ!"

'ನಾನ ಸೀಮೆಎಣ್ಣ್ಯಾಗ ತೊಳ್ದೀನ್ರಿ' — ಇಷ್ಟೇ ಹೇಳಬೇಕಿತ್ತು. ಪರಾತ ಅಲ್ಲೇ ಕಾಲ ಬುಡದಲ್ಲಿತ್ತು. ಸ್ವಚ್ಛ ಡೀಸೆಲ್ಲಿನ ಬಾಟಲಿ ಸಾವಕಾರರ ಬೆನ್ನ ಹಿಂದೆ ಕಿಟಕಿಯಲ್ಲಿತ್ತು, ಬಿಸಿಲು ಬಿದ್ದು ಜೇನಿನ ಬಣ್ಣಕ್ಕೆ ಹೊಳೆಯುತ್ತಿತ್ತು. ನಾನು ಅದನ್ನೇ ನೋಡುತ್ತಾ ಹೇಳಿದೆ:

"ಹೌದ್ರಿ ಸಾವ್ಕಾರ್ರ. ಡೀಸೆಲ್ ಟಾಕ್ಯಾಗ ಏನೇನ್ ಬಿದ್ದೈತೋ ಯಾರಿಗ್ಗೊತ್ರಿ..."

ಮುಂದಿನದು ನಾನು ಹೇಳಬೇಕಾಗಲಿಲ್ಲ. ಡ್ರೈವರುಗಳು ಡೀಸೆಲ್ ಮಾರಿಕೊಂಡು ರೇಷನ್ ಸೀಮೆಎಣ್ಣೆ ಸುರಿಯುತ್ತಾರೆಂಬ ಮಾತು ಆಗ ಊರೆಲ್ಲಾ ಇತ್ತು. ಇಂಜೆಕ್ಟರ್ ಕೆಟ್ಟರೆ ಮಿಸ್ತ್ರಿಗಳಾದ ನಾವು ಮೊದಲು ಹೇಳುತ್ತಿದ್ದ ಮಾತೂ ಅದೇ. ಸಾವಕಾರರು ತಿರುಗಿದರು.

"ಏನಲೇ ಚಂದ್ರಾಮಾ? ಹದಿನಾಕ ವರ್ಷ ಉಂಡ ಮನಿಗೆ..."

"ಯಪ್ಪಾ, ಮಕ್ಕಳಾಣಿ! ನಾ ಯಾಕ ಹಂಗ ಮಾಡ್ಲಿರಿ? ದೇವರ ಭಂಡಾರ ಮುಟ್ಟಿ ಹೇಳ್ತೀನಿ, ಬೇಕಾರ ಈಗ ನಡೀರಿ ಗುಡೀಗೆ," ಎಂದರು ಕಾಕಾ. ನನ್ನ ಕಡೆ ನೋಡಿದರು — ಗ್ಯಾರೇಜಿನ ಮನುಷ್ಯ ನಾನು, ನನಗೆ ಗೊತ್ತಿರುತ್ತದೆ, ನಾನು ಹೇಳುತ್ತೇನೆ ಎಂದು.

ಆಗ ನಾನು ಎರಡನೆಯ ಸಲ ಬಾಯಿ ಬಿಟ್ಟೆ. "ಹೋಗ್ಲಿ ಬಿಡ್ರಿ ಸಾವ್ಕಾರ್ರ. ವಯಸ್ಸಾದ ಮನಷ್ಯಾ. ಇದೊಂದ್ಸಲ ಮಾಫ್ ಮಾಡ್ರಿ."

ಮೊದಲ ಮಾತಾದರೂ ಸಂಶಯ ಹುಟ್ಟಿಸುವ ಮಾತು. ಈ ಮಾತು ತೀರ್ಪು. ತಪ್ಪು ಮಾಡದವನಿಗೆ ಯಾರಾದರೂ ಮಾಫಿ ಕೇಳುತ್ತಾರೆಯೇ? ಸಾವಕಾರರಿಗೆ ಇನ್ನೇನು ಬೇಕಿತ್ತು! ಕೀಲಿ ಕಸಿದುಕೊಂಡರು. "ನಾಳಿಂದ ಬರಬ್ಯಾಡ," ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರೆ. ಬರೆಯ ಕಬ್ಬಿಣ ಕಾಯಿಸಿಕೊಟ್ಟವನು ನಾನು.

ಅವರು ಹೋದ ಮೇಲೆ ಕಿಟಕಿಯ ಬಾಟಲಿಯನ್ನು ಅದೇ ಕೆಂಪು ಕ್ಯಾನಿಗೆ ಸುರಿದು ಬಾಟಲಿಯನ್ನು ತಿಪ್ಪೆಗೆ ಎಸೆದೆ.

ಆಮೇಲೆ ಏನಾಯಿತು ಕೇಳಿ. ಮಾದೇವ ಮಿಸ್ತ್ರಿ ವಾಸನೆಯ ಮೇಲೇ ಕಳ್ಳನನ್ನು ಹಿಡಿದನಂತೆ ಎಂದು ಸುದ್ದಿ ಹಬ್ಬಿತು. ಟಿಕೋಟಾ, ಬಬಲೇಶ್ವರ, ಹೊನವಾಡದ ಗಾಡಿಯವರೆಲ್ಲ ನನ್ನ ಕಡೆ ಬರತೊಡಗಿದರು. 'ಡಾಕ್ಟರ್' ಎಂದು ಕರೆದರು. ಮೂಸಿ ನೋಡ್ರಿ ಡಾಕ್ಟರ್, ಅನ್ನುತ್ತಿದ್ದರು. ನಾನೂ ಮೂಸಿದೆ, ನಾಚಿಕೆಗೆಟ್ಟವನು! ಆ ಒಂದೇ ದಿನ ನನಗೆ ಸಿಕ್ಕದ್ದು ಡಾಕ್ಟರ್ ಅನ್ನುವ ಹೆಸರು, ಅವರಿಗೆ ಅಂಟಿದ್ದು 'ಸೀಮೆಎಣ್ಣಿ ಚಂದ್ರಾಮ.' ನಮ್ಮ ಸೀಮೆಯಲ್ಲಿ ಅಡ್ಡಹೆಸರು ಒಮ್ಮೆ ಬಿದ್ದರೆ ಸತ್ತರೂ ಬಿಡುವುದಿಲ್ಲ. ಯಾರೂ ಅವರ ಕೈಗೆ ಸ್ಟೇರಿಂಗ್ ಕೊಡಲಿಲ್ಲ. ಎರಡು ವರ್ಷ ಅವರಿವರ ದ್ರಾಕ್ಷಿ ತೋಟದಲ್ಲಿ ಕೂಲಿಗೆ ಹೋದರು. ಆಮೇಲೆ ತೊರವಿಯ ಹೊರಗೆ ಒಂದು ಕಾಲೇಜಿನ ಗೇಟಿಗೆ ಕಾವಲುಗಾರರಾದರು.

ಆದರೂ ಪ್ರತಿ ವರ್ಷ ದಸರೆಯ ಸಂಜೆ ಅವರು ನನ್ನ ಗ್ಯಾರೇಜಿಗೆ ಬರುತ್ತಿದ್ದರು, ಕರವಸ್ತ್ರದಲ್ಲಿ ಬನ್ನಿ ಎಲೆ ಕಟ್ಟಿಕೊಂಡು. ಬನ್ನಿ ಕೊಡಲು ಹಿರಿಯರ ಹತ್ತಿರ ಕಿರಿಯರು ಹೋಗಬೇಕು, ಕಾಲು ಮುಟ್ಟಬೇಕು. ನಾನು ಹೋಗುತ್ತಿರಲಿಲ್ಲ, ಅವರೇ ಬರುತ್ತಿದ್ದರು. "ಬನ್ನಿ ತಗೊಂಡು ಬಂಗಾರದಂಗ ಇರೂಣಪಾ ತಮ್ಮಾ," ಎಂದು ಕೈಗೆ ಎಲೆ ಇಟ್ಟು, ಪ್ರತಿ ಸಲ ಅದೊಂದು ಮಾತು ಹೇಳುತ್ತಿದ್ದರು: "ಅವತ್ತ ನನ್ನ ಪರ ಮಾತಾಡಿದಾಂವ ನೀ ಒಬ್ಬನ ನೋಡು. ಮಾಫ್ ಮಾಡ್ರಿ ಅಂದಿ. ಮರೀಲಿಕ್ಕಿಲ್ಲ ನಾ."

ಹನ್ನೊಂದು ದಸರೆ ಈ ಮಾತು ಕೇಳಿಸಿಕೊಂಡೆ. ಹನ್ನೊಂದು ಸಲ ಎಲೆ ತೆಗೆದುಕೊಂಡೆ.

ಹೋದ ವರ್ಷ ಮಳೆಗಾಲದಲ್ಲಿ ಆ ಕಾಲೇಜಿನ ಬಸ್ಸು ಶುರುವಾಗುತ್ತಿಲ್ಲವೆಂದು ನನ್ನನ್ನು ಕರೆಸಿದ್ದರು. ಗೇಟಿನಲ್ಲಿ ಕಾಕಾ ಇದ್ದರು. ಒಬ್ಬ ಹೊಸ ಡ್ರೈವರು, ಇಪ್ಪತ್ತೈದರ ಒಳಗಿನ ಹುಡುಗ, ಹಾರ್ನ್ ಹೊಡೆದು ಕೂಗಿದ: "ಸೀಮೆಎಣ್ಣಿ ಕಾಕಾ, ಗೇಟ ತಗೀರಿ!" ಕಾಕಾ ನಗುತ್ತಲೇ ತೆಗೆದರು. ಆ ಹುಡುಗನಿಗೆ ಕೆಟ್ಟ ಮನಸ್ಸಿರಲಿಲ್ಲ. ಯಾಕೆ ಹಾಗೆ ಕರೆಯುತ್ತೀಯಪ್ಪ ಎಂದು ಕೇಳಿದೆ. ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ.

"ಅದ ಅವರ ಅಡ್ಡಹೆಸರಲ್ರೀ? ಅವರ ಮೊಮ್ಮಗ ನಮ್ಮ ಓಣ್ಯಾಗ ಆಡಾಕ ಬರ್ತಾನ, ಅಂವಗೂ ಎಲ್ಲಾರೂ ಸೀಮೆಎಣ್ಣಿ ಅಂತಾರ."

ಆ ಬಸ್ಸಿಗೆ ಏನು ರೋಗವಿತ್ತೋ ನನಗೀಗ ನೆನಪಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಹನ್ನೊಂದು ವರ್ಷದಿಂದ ಹೆಗಲು ಮುಟ್ಟಿಕೊಳ್ಳುತ್ತಲೇ ಇದ್ದೆ, ಆದರೆ ಈ ಹೆಸರು ಇನ್ನೂ ಹಾಲುಹಲ್ಲು ಬೀಳದ ಒಂದು ಮಗುವಿಗೂ ಹೋಗಿ ಸೇರಿದೆ ಎಂದು ನನಗೆ ಗೊತ್ತಿರಲಿಲ್ಲ.

ಆ ವರ್ಷದ ದಸರೆಗೆ ಕಾಕಾ ಎಂದಿನಂತೆ ಬಂದರು. ಕರವಸ್ತ್ರ ಬಿಚ್ಚಿದರು. ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ಕಾಕಾ, ನಿಮ್ಮ ಬನ್ನಿ ಹಿಡಿಯೂ ಕೈ ಅಲ್ರಿ ಇವು," ಎಂದೆ. ಆಮೇಲೆ ಎಲ್ಲ ಹೇಳಿದೆ — ಕ್ಯಾನು, ಕೆಂಪು ಚೂರು, ಪರಾತ. ಹೇಗೆ ಹೇಳಿದೆನೋ ದೇವರಿಗೇ ಗೊತ್ತು, ನಡುನಡುವೆ ತೊದಲಿದೆ. ಅವರು ಒಂದೇ ಪ್ರಶ್ನೆ ಕೇಳಿದರು.

"ಟಾಕಿ ನೋಡಿದ್ದಿ ಏನು ಅವತ್ತ?"

"ನೋಡಿದ್ದೆರಿ."

"ಹೆಂಗಿತ್ತು?"

"ಸ್ವಚ್ಛ ಇತ್ರಿ ಕಾಕಾ."

ಅವರು ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕೂತರು. "ಅವತ್ತೊಂದಿನ ದಿನಾ ಹಾಕ್ಸೂ ಬಂಕ ಬಿಟ್ಟು ಬ್ಯಾರೆ ಕಡೆ ಎಣ್ಣಿ ಹಾಕ್ಸಿದ್ನೆಪಾ. ಅಲ್ಲೇ ಏನರ ಮೋಸ ಆತೇನೋ, ನಂದ ತಪ್ಪೇನೋ ಅಂತ... ಇಷ್ಟ ವರ್ಷ ಅದನ್ನ ತಲ್ಯಾಗ ಇಟ್ಕೊಂಡು ಅಡ್ಡಾಡೇನಿ."

ನಾನು ಅವರ ಕಾಲು ಹಿಡಿಯಲು ಬಗ್ಗಿದೆ. ಕಾಲು ಹಿಂದಕ್ಕೆ ಎಳೆದುಕೊಂಡರು. ಬಯ್ಯಲಿಲ್ಲ. ಬಯ್ದಿದ್ದರೆ, ಎರಡು ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು. ಆ ಉಪಕಾರ ಅವರು ಯಾಕೆ ಮಾಡಬೇಕು?

"ನನಗ ಹೇಳಿ ಏನ್ ಬಂತಪಾ?" ಎಂದರು. "ಕದ್ದಿಲ್ಲಂತ ನನಗ ಗೊತ್ತ ಇತ್ತಲ್ಲ. ಗೊತ್ತಿಲ್ಲದವರಿಗೆ ಹೇಳು. ಮದ್ಲ ನಮ್ಮ ಮನಿಯಾಕಿಗೆ ಹೇಳು."

ಬನ್ನಿಯನ್ನು ಮತ್ತೆ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೊರಟುಹೋದರು.

ಮೂರನೆಯ ದಿನ ನಾನು ಬಸ್ಸು ಹತ್ತಿ ಹೊನವಾಡಕ್ಕೆ ಹೋದೆ. ಸ್ವಂತ ಗಾಡಿಯಲ್ಲಿ ಹೋಗಲು ಮನಸ್ಸಾಗಲಿಲ್ಲ. ಕಾಕಾ ಅವರ ಹೆಂಡತಿ ಶಾಂತವ್ವ ಕಾಕಿ ನನ್ನನ್ನು ನೋಡಿ ತಂಬಿಗೆಯಲ್ಲಿ ನೀರು ತಂದರು. "ಬರ್ರಿ ಬರ್ರಿ, ಕುಂಡ್ರಿ. ಇವರು ನಿಮ್ಮ ಹೆಸರ ಹೇಳದ ದಿನಾ ಇಲ್ಲ ನೋಡ್ರಿ," ಎಂದರು. ನಾನು ನಿಂತೇ ಹೇಳಿದೆ. ಕಾಕಾ ಕಂಬಕ್ಕೆ ಆನಿಕೊಂಡು ಕೂತಿದ್ದರು, ನೆಲ ನೋಡುತ್ತಾ.

ಕಾಕಿ ನನ್ನ ಮೇಲೆ ಸಿಟ್ಟಾಗುತ್ತಾರೆ, ಶಾಪ ಹಾಕುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಕಡೆ ನೋಡಲೇ ಇಲ್ಲ. ತಂಬಿಗೆ ಕೈಯಲ್ಲಿ ಹಿಡಿದುಕೊಂಡೇ ಗಂಡನ ಕಡೆ ತಿರುಗಿದರು.

"ಅವತ್ತ ನೀವು ಉಣ್ಣಾಕ ಕುಂತಾಗ ಕೇಳಿದ್ನೆಲ್ರಿ ನಾ... ಖರೇ ಹೇಳ್ರಿ, ತಗೊಂಡೀರೇನು ಅಂತ. ನೀವು ತಾಟ ಸರಿಸಿ ಎದ್ರಿ, ಒಂದ ಮಾತ ಆಡಲಿಲ್ಲ." ತಂಬಿಗೆಯನ್ನು ಎದೆಗೆ ಅವುಚಿಕೊಂಡರು. "ನಾನೂ ಹೌದಂದ್ಕೊಂಡ್ನೆಲ್ರಿ. ಇಷ್ಟ ವರ್ಷ ನಾನೂ ಹೌದಂದ್ಕೊಂಡಿದ್ನೆಲ್ರಿ!"

"ಇರ್ಲಿ ಬಿಡು," ಎಂದರು ಕಾಕಾ. ಅಷ್ಟೇ ಅಂದರು. ಕಾಕಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ತಂಬಿಗೆಯೂ ಒಳಗೆ ಹೋಯಿತು.

ನಾನು ಕೆಡಿಸಿದ್ದು ಒಂದು ಪಂಪು, ಎರಡು ಇಂಜೆಕ್ಟರ್, ಒಬ್ಬ ಮನುಷ್ಯನ ಕೆಲಸ — ಇಷ್ಟೇ ಎಂದು ಇಷ್ಟು ದಿನ ಲೆಕ್ಕ ಹಿಡಿದಿದ್ದೆ. ಒಂದೇ ಸೂರಿನ ಕೆಳಗೆ ಗಂಡ ಹೆಂಡತಿ ಹನ್ನೆರಡು ವರ್ಷ ಒಂದೇ ರೊಟ್ಟಿ ಮುರಿದು ತಿನ್ನುತ್ತಾ, ಅವಳು ಅವನನ್ನು ಕಳ್ಳನೆಂದು ತಿಳಿದು, ತಿಳಿದದ್ದನ್ನು ಮುಚ್ಚಿಟ್ಟು... ಅವನಿಗೂ ಅದು ಗೊತ್ತಿದ್ದು... ಇದನ್ನು ಯಾವ ಸಾಮಾನು ಬದಲಿಸಿ ರಿಪೇರಿ ಮಾಡಲಿ ನಾನು?

ಸಾವಕಾರರು ತೀರಿಕೊಂಡು ಎರಡು ವರ್ಷವಾಗಿತ್ತು. ಮೊದಲು ಹೇಳಬೇಕಾದವರಿಗೆ ಹೇಳುವ ದಾರಿ ನನ್ನ ಹೇಡಿತನದಿಂದಲೇ ಮುಚ್ಚಿಹೋಯಿತು. ಟಿಕೋಟಾಕ್ಕೆ ಹೋಗಿ ಅವರ ಮಗನ ಮುಂದೆ ಹೇಳಿದೆ. ಒಳ್ಳೆಯ ಹುಡುಗ, ಚಹಾ ತರಿಸಿದ. "ಹೋಗ್ಲಿ ಬಿಡ್ರಿ ಡಾಕ್ಟರ್, ಹಳೇ ಮಾತು," ಎಂದ. ನಾನು ಅವತ್ತು ಅವನ ತಂದೆಗೆ ಹೇಳಿದ್ದೂ ಅದನ್ನೇ, ಹೋಗಲಿ ಬಿಡ್ರಿ ಎಂದು. ಚಹಾ ಹಾಗೇ ಬಿಟ್ಟು ಎದ್ದೆ.

ಹೋಗಲಿ ಬಿಡಬಾರದು. ಈಗ ಟಿಕೋಟಾ ಕಡೆಯ ಗಾಡಿ ಯಾವುದೇ ಬರಲಿ, ಬಾನೆಟ್ ತೆಗೆಯುವ ಮುಂಚೆ ನಾನು ಇದನ್ನು ಹೇಳುತ್ತೇನೆ. ಕೆಲವರು ಗಾಡಿ ತಿರುಗಿಸಿಕೊಂಡು ಹೋಗಿದ್ದಾರೆ, ಹೋಗಲಿ. ಕೆಲವರು ನಕ್ಕಿದ್ದಾರೆ. ಬಾಯಿಂದ ಬಾಯಿಗೆ ಹೋದ ಸುಳ್ಳಿನ ಹಿಂದೆ ಒಬ್ಬನೇ ಓಡಿದರೆ ಮುಟ್ಟುವುದಿಲ್ಲವೆಂದು ಇದನ್ನು ಬರೆದೆ. ಕಾಕಾ ಈ ದಸರೆಗೆ ಬರಲಿಲ್ಲ. ನಾನೇ ಬನ್ನಿ ತೆಗೆದುಕೊಂಡು ತೊರವಿಯ ಗೇಟಿಗೆ ಹೋಗಿ ಅವರ ಕಾಲ ಹತ್ತಿರ ಇಟ್ಟು ಬಂದೆ. ಅವರು ಎತ್ತಿಕೊಂಡರೋ ಇಲ್ಲವೋ ತಿರುಗಿ ನೋಡಲಿಲ್ಲ.

ಅವರ ಹೆಸರು ಚಂದ್ರಾಮ. ಅದರ ಹಿಂದೆ ಮುಂದೆ ಇನ್ನೇನೂ ಇಲ್ಲ. ಅವರ ಮೊಮ್ಮಗನ ಹೆಸರಿಗೂ ಇಲ್ಲ. ಆ ಸೀಮೆಎಣ್ಣೆ ನನ್ನ ಪರಾತದ್ದು. ಆ ಹೆಸರಿನಿಂದ ಯಾರನ್ನಾದರೂ ಕೂಗಲೇಬೇಕು ಅನ್ನಿಸಿದರೆ ಗೋಳಗುಮ್ಮಟದ ಹಿಂದಿನ ಓಣಿಗೆ ಬನ್ನಿ, ನನ್ನ ಗ್ಯಾರೇಜಿನ ಮುಂದೆ ನಿಂತು ಗಟ್ಟಿಯಾಗಿ ಕೂಗಿ. ಓ ಅನ್ನುತ್ತೇನೆ.